ಬಸ್ಸಲ್ಲಿ, ಕಾರಲ್ಲಿ, ಸ್ಟಾಪಲ್ಲಿ: ಒಬ್ಬರೇ ಮ್ಯಾಂಚೆಸ್ಟರ್‌ಗೆ ಹೊರಟವರಿಗೆ ಒಂದಿಷ್ಟು ಇಂಗ್ಲಿಷ್

ಪ್ರಶ್ನೆ: ಮೇಡಂ, ನನಗೆ 57 ವರ್ಷ. ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದ್ದು. ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಬಾಣಂತನಕ್ಕೆ ಹೋಗಬೇಕು. ನಮ್ಮನೆಯವರು ಅಡಿಕೆ ಕೊನೆಕೊಯ್ಲು ಬಿಟ್ಟು ಬರುವ ಹಾಗಿಲ್ಲ, ಹಾಗಾಗಿ ಒಬ್ಬಳೇ. ದುಬೈಯಲ್ಲಿ ವಿಮಾನ ಬದಲಿಸಬೇಕಂತೆ. ಇಂಗ್ಲಿಷ್ ಕೇಳಿದರೆ ಅಲ್ಪಸ್ವಲ್ಪ ಅರ್ಥವಾಗುತ್ತದೆ. ಬಾಯಿ ತೆಗೆದರೆ ‘ಇನ್’ ಹಾಕಲೋ, ‘ಆನ್’ ಹಾಕಲೋ, ‘ಅಟ್’ ಹಾಕಲೋ ಎಂದು ಅಲ್ಲೇ ನಿಂತುಬಿಡುತ್ತೇನೆ. ಪ್ರಯಾಣದ ಇಂಗ್ಲಿಷ್ ಅಂತ ಒಂದು ಪುಸ್ತಕ ತಂದೆ. 500 ವಾಕ್ಯ ಇವೆ. ಹತ್ತೂ ತಲೆಯಲ್ಲಿ ನಿಲ್ಲುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿ. ‘ನನ್ನ ಛತ್ರಿ ಕಳೆದುಹೋಗಿದೆ’ ಅನ್ನುವುದರಿಂದ ಹಿಡಿದು ‘ನನಗೆ ಕುದುರೆ ಬಾಡಿಗೆಗೆ ಬೇಕು’ ಅನ್ನುವವರೆಗೆ ಅಂಥ ಪುಸ್ತಕಗಳಲ್ಲಿ ಎಲ್ಲ ಇರುತ್ತದೆ. ನಿಮಗೆ ಬೇಕಾಗುವುದು ಒಂದು ಇಪ್ಪತ್ತೈದು ವಾಕ್ಯ, ಅಷ್ಟೇ.

‘ಇನ್’, ‘ಆನ್’, ‘ಅಟ್’ ಸಿಕ್ಕಾಗುವುದು ನಿಮ್ಮ ದಡ್ಡತನದಿಂದ ಅಲ್ಲ. ಕನ್ನಡದಲ್ಲಿ ಆ ಮೂರೂ ಕೆಲಸವನ್ನು ‘ಅಲ್ಲಿ’ ಒಂದೇ ಮಾಡುತ್ತದೆ. ಬಸ್ಸಲ್ಲಿ ಇದ್ದೀನಿ, ಕಾರಲ್ಲಿ ಇದ್ದೀನಿ, ಸ್ಟಾಪಲ್ಲಿ ಇದ್ದೀನಿ ಅನ್ನುತ್ತೇವೆ. ಇಂಗ್ಲಿಷಿನವರು ಇದನ್ನೇ ‘ಆನ್ ದ ಬಸ್’, ‘ಇನ್ ದ ಕಾರ್’, ‘ಅಟ್ ದ ಸ್ಟಾಪ್’ ಎಂದು ಮೂರು ಥರ ಹೇಳುತ್ತಾರೆ. ‘ಅಲ್ಲಿ ಅಂದರೆ ಇಂಗ್ಲಿಷಿನಲ್ಲಿ ಏನು’ ಎಂದು ಕೇಳಿಕೊಂಡ ತಕ್ಷಣ ಮೂರು ಬಾಗಿಲು ಎದುರಿಗೆ ಬರುತ್ತವೆ, ನೀವು ನಿಂತುಬಿಡುತ್ತೀರಿ. ಆ ಪ್ರಶ್ನೆಯನ್ನೇ ಕೇಳಿಕೊಳ್ಳಬೇಡಿ.

ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಕಲಿತಿದ್ದೀರಿ. ‘ಮನೆಯಲ್ಲಿ’ ಅನ್ನುವಾಗ ಮನೆ ಬೇರೆ, ಅಲ್ಲಿ ಬೇರೆ ಎಂದು ಯಾರೂ ಯೋಚಿಸುವುದಿಲ್ಲ. ಅಂಟಿಕೊಂಡೇ ಬಾಯಿಗೆ ಬರುತ್ತದೆ. ಇಂಗ್ಲಿಷಿನ ಈ ಪುಟ್ಟ ಶಬ್ದಗಳೂ ವಿಭಕ್ತಿಗಳೇ. ನಮ್ಮಲ್ಲಿ ಹೆಸರಿನ ಬೆನ್ನಿಗೆ ಅಂಟುತ್ತವೆ, ಅಲ್ಲಿ ಹೆಸರಿನ ಮುಂದೆ ನಿಲ್ಲುತ್ತವೆ. ಹಾಗಾಗಿ ‘ಆನ್’ ಎಂದರೇನು ಅಂತ ಕಲಿಯಬೇಡಿ. ‘ಆನ್‌ದಬಸ್’ ಎಂದು ಒಂದೇ ಶಬ್ದದ ಹಾಗೆ, ಒಂದೇ ಉಸಿರಿನಲ್ಲಿ ಕಲಿಯಿರಿ. ಆನ್‌ದಟ್ರೇನ್. ಆನ್‌ದಪ್ಲೇನ್. ಇನ್‌ದಟ್ಯಾಕ್ಸಿ. ಅಟ್‌ದಏರ್‌ಪೋರ್ಟ್. ಅಟ್‌ದಗೇಟ್. ನಾನು ಇಪ್ಪತ್ತಾರು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದೇನೆ. ಮೊದಲ ಹತ್ತು ವರ್ಷ ನಿಯಮ ಕಲಿಸಿದೆ. ಮಕ್ಕಳು ನಿಯಮ ಬಾಯಿಪಾಠ ಒಪ್ಪಿಸಿ, ಮರುಕ್ಷಣ ‘ಐ ಆಮ್ ಇನ್ ದ ಬಸ್’ ಅನ್ನುತ್ತಿದ್ದರು. ಆಮೇಲೆ ನಿಯಮ ಬಿಟ್ಟು ಜೋಡಿ ಕಲಿಸಿದೆ.

ಆದರೂ ಯಾಕೆ ಹಾಗೆ ಎಂದು ಮನಸ್ಸು ಕೇಳುತ್ತದೆ, ಅಲ್ವಾ? ಒಳಗೆ ಎದ್ದು ನಿಂತು ನಾಲ್ಕು ಹೆಜ್ಜೆ ಓಡಾಡುವ ಹಾಗಿದ್ದರೆ ಸಾಮಾನ್ಯವಾಗಿ ‘ಆನ್’: ಬಸ್ಸು, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ಒಳಗೆ ತೂರಿ ಕೂರುವಂಥದ್ದಾದರೆ ‘ಇನ್’: ಕಾರು, ಟ್ಯಾಕ್ಸಿ, ಆಟೋ. ಕಾಲು ಆಚೆ ಈಚೆ ಹಾಕಿ ಕೂರುವಂಥದ್ದಕ್ಕೆ ಮತ್ತೆ ‘ಆನ್’: ಬೈಕು, ಸೈಕಲ್ಲು. ನಿಮ್ಮ ಕಡೆಯ ಸಿಗಂದೂರು ಲಾಂಚ್ ನೆನಪು ಮಾಡಿಕೊಳ್ಳಿ. 2025ರಲ್ಲಿ ಸೇತುವೆ ಆಗುವ ತನಕ ಜನ, ಜೀಪು, ಬಸ್ಸು ಎಲ್ಲ ಅದರ ಮೇಲೇ ನಿಂತು ಶರಾವತಿ ಹಿನ್ನೀರು ದಾಟುತ್ತಿದ್ದವು. ಅದು ‘ಆನ್ ದ ಲಾಂಚ್’. ಅದೇ ಹಿನ್ನೀರಿನಲ್ಲಿ ಇಬ್ಬರು ಕೂರುವ ಪುಟ್ಟ ದೋಣಿ ಇದ್ದರೆ ‘ಇನ್ ದ ಬೋಟ್’. ಅಲ್ಲಿ ಎದ್ದು ನಿಂತರೆ ನೀರಿಗೇ ಬೀಳುವುದು.

ಇಳಿಯುವಾಗಲೂ ಇದೇ ಲೆಕ್ಕ. ‘ಆನ್’ ಆದದ್ದರಿಂದ ಇಳಿಯುವುದು ‘ಗೆಟ್ ಆಫ್’. ‘ಇನ್’ ಆದದ್ದರಿಂದ ಇಳಿಯುವುದು ‘ಗೆಟ್ ಔಟ್ ಆಫ್’. ನಾವೆಲ್ಲ ಹೇಳುವ ‘ಗೆಟ್ ಡೌನ್’ ನಮ್ಮ ‘ಕೆಳಗೆ ಇಳಿ’ಯಿಂದ ಬಂದದ್ದು. ಇಲ್ಲಿನ ಕಂಡಕ್ಟರಿಗೆ ಸರಿ. ಇಂಗ್ಲೆಂಡಿನಲ್ಲಿ ಬಗ್ಗಿ ಕೂತುಕೋ ಎಂದೋ, ಮೇಜು ಹತ್ತಿದ ಮಗುವಿಗೆ ಇಳಿ ಎಂದೋ ಹೇಳಿದ ಹಾಗೆ ಕೇಳುತ್ತದೆ.

ಅಭ್ಯಾಸಕ್ಕೆ ಬೇರೆ ಎಲ್ಲೂ ಹೋಗಬೇಡಿ. ಮುಂದಿನ ಸಲ ಶಿವಮೊಗ್ಗಕ್ಕೆ ರೈಲಿನಲ್ಲಿ ಬರುವಾಗ ಮನಸ್ಸಿನಲ್ಲೇ ಹೇಳುತ್ತಾ ಬನ್ನಿ. ಸಾಗರ ಸ್ಟೇಷನ್‌ನಲ್ಲಿ ಕಾಯುವಾಗ ‘ಐ ಆಮ್ ಅಟ್ ದ ಸ್ಟೇಷನ್’. ಹತ್ತಿ ಕೂತ ಮೇಲೆ ‘ಐ ಆಮ್ ಆನ್ ದ ಟ್ರೇನ್’. ಆನಂದಪುರ ಬಂತು: ‘ದ ಟ್ರೇನ್ ಸ್ಟಾಪ್ಸ್ ಅಟ್ ಆನಂದಪುರ’. ಕುಂಸಿ ಬಿಟ್ಟ ಮೇಲೆ ‘ಐ ಗೆಟ್ ಆಫ್ ಅಟ್ ಶಿವಮೊಗ್ಗ’. ಹೊರಗೆ ಬಂದು ಆಟೋ ಹತ್ತಿದಿರಿ: ‘ಐ ಆಮ್ ಇನ್ ಆ್ಯನ್ ಆಟೋ’. ನಾಲ್ಕು ಸಲ ಹೀಗೆ ಓಡಾಡಿದರೆ ಪುಸ್ತಕದ ಹತ್ತು ಪುಟಕ್ಕಿಂತ ಜಾಸ್ತಿ ಉಳಿಯುತ್ತದೆ. ಪಕ್ಕದವರು ವಿಚಿತ್ರವಾಗಿ ನೋಡಿದರೆ ನೋಡಲಿ ಬಿಡಿ.

ಒಂದು ಮಾತು ಕಿವಿಯಲ್ಲಿ ಹೇಳುತ್ತೇನೆ. ‘ಐ ಆಮ್ ಇನ್ ದ ಬಸ್’ ಅಂದರೂ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಬಸ್ ಹೊರಟು ಹೋಗುವುದೂ ಇಲ್ಲ. ಹೀಗೆ ತಪ್ಪಿದರೆ ಕಿವಿಗೆ ಸ್ವಲ್ಪ ಒರಟು, ಅಷ್ಟೇ. ಆದರೆ ಕೆಲವು ತಪ್ಪಿಗೆ ಬೆಲೆ ತೆರಬೇಕಾಗುತ್ತದೆ. ಅವು ಯಾವುವು ಎಂದು ತಿಳಿದಿರಬೇಕು.

ಮೊದಲನೆಯದು ನಮ್ಮ ‘ಎದುರು’. ಇದರಲ್ಲಿ ನಾನೇ ಬಿದ್ದಿದ್ದೇನೆ. ಒಮ್ಮೆ ತರಬೇತಿಗೆಂದು ಕೊಚ್ಚಿಗೆ ಹೋಗಿದ್ದೆ. ವಾಪಸ್ ಹೊರಡುವ ದಿನ ಟ್ಯಾಕ್ಸಿಗೆ ಹೇಳಿದ್ದೆ. ಬಿಸಿಲು ಜೋರು. ಹೋಟೆಲಿನ ಆಚೆ ಬದಿ, ರಸ್ತೆ ದಾಟಿ ಒಂದು ಮರದ ನೆರಳಿನಲ್ಲಿ ಸೂಟ್‌ಕೇಸು ಇಟ್ಟುಕೊಂಡು ನಿಂತೆ. ಡ್ರೈವರ್ ಫೋನ್ ಮಾಡಿದ. ‘ಐ ಆಮ್ ಇನ್ ಫ್ರಂಟ್ ಆಫ್ ದ ಹೋಟೆಲ್’ ಅಂದೆ. ಅವನು ನೇರ ಹೋಟೆಲಿನ ಬಾಗಿಲಿಗೆ ಹೋದ. ಅಲ್ಲಿ ಯಾರೂ ಇಲ್ಲ. ನನ್ನ ಫೋನಿನ ಚಾರ್ಜ್ ಅಷ್ಟರಲ್ಲಿ ಮುಗಿಯಿತು. ನಡುವೆ ದೊಡ್ಡ ರಸ್ತೆ, ಸಾಲುಸಾಲು ಬಸ್ಸು. ಅವನಿಗೆ ನಾನು ಕಾಣಲಿಲ್ಲ, ನನಗೆ ಅವನು ಕಾಣಲಿಲ್ಲ. ಹತ್ತು ನಿಮಿಷ ಕಾದು ಹೊರಟುಹೋದ. ನನ್ನ ರೈಲೂ ಹೋಯಿತು. ಇಂಗ್ಲಿಷ್ ಮೇಷ್ಟ್ರಮ್ಮನ ಕಥೆ ಇದು.

ಬಸ್ ಸ್ಟ್ಯಾಂಡ್ ಎದುರು ಎಂದರೆ ನಮಗೆ ಅದರ ಬಾಗಿಲಲ್ಲಿ ನಿಂತರೂ ಎದುರೇ, ಬಿ.ಎಚ್. ರಸ್ತೆ ದಾಟಿ ಆ ಬದಿಯಲ್ಲಿ ನಿಂತರೂ ಎದುರೇ. ಇಂಗ್ಲಿಷಿನಲ್ಲಿ ಹಾಗಲ್ಲ. ಕಟ್ಟಡದ ಬದಿಯಲ್ಲೇ, ಅದರ ಮುಂಭಾಗದಲ್ಲಿ ನಿಂತಿದ್ದರೆ ‘ಇನ್ ಫ್ರಂಟ್ ಆಫ್’. ರಸ್ತೆ ದಾಟಿ ಆ ಕಡೆ ಇದ್ದರೆ ‘ಆಪೋಸಿಟ್’, ಅಥವಾ ಇನ್ನೂ ಸ್ಪಷ್ಟವಾಗಿ ‘ಅಕ್ರಾಸ್ ದ ರೋಡ್ ಫ್ರಮ್’. ಇದೇ ಸಾಲಿಗೆ ಇನ್ನೊಂದು: ಮನೆಯ ಹಿಂದೆ ಅನ್ನಲು ‘ಬ್ಯಾಕ್‌ಸೈಡ್’ ಬೇಡ. ಆ ಶಬ್ದಕ್ಕೆ ಅಲ್ಲಿ ಕುಂಡೆ ಎಂದೇ ಅರ್ಥ. ‘ಬಿಹೈಂಡ್ ದ ಹೌಸ್’ ಅನ್ನಿ.

ಎರಡನೆಯದು ಸಮಯ. ದುಬೈಯ ಗೇಟಿನಲ್ಲಿ ‘ಬೋರ್ಡಿಂಗ್ ಸ್ಟಾರ್ಟ್ಸ್ ಇನ್ ಟ್ವೆಂಟಿ ಮಿನಿಟ್ಸ್’ ಅಂದರೆ ಇಪ್ಪತ್ತು ನಿಮಿಷದ ಒಳಗೆ ಯಾವಾಗಲಾದರೂ ಎಂದಲ್ಲ. ಇಪ್ಪತ್ತು ನಿಮಿಷ ಬಿಟ್ಟು ಎಂದು. ‘ಬಿ ಅಟ್ ದ ಗೇಟ್ ಬೈ ಫೈವ್ ಥರ್ಟಿ’ ಅಂದರೆ ಐದೂವರೆಯ ಒಳಗೆ ಅಲ್ಲಿರಬೇಕು ಎಂದು. ಐದಕ್ಕೇ ಹೋಗಿ ಕೂತರೂ ಸರಿ, ಐದೂವರೆ ಮೀರಿದರೆ ಕಷ್ಟ. ‘ಟಿಲ್’ ಎಂದರೆ ನಮ್ಮ ‘ತನಕ’. ಒಳಗೆ ಮತ್ತು ತನಕ ಕನ್ನಡದಲ್ಲೂ ಬೇರೆ ಬೇರೆ, ಹಾಗಾಗಿ ‘ಬೈ’ ಮತ್ತು ‘ಟಿಲ್’ ನಿಮಗೆ ಸುಲಭ.

ಕಷ್ಟ ಇರುವುದು ನಮ್ಮ ‘ಇಂದ’ದಲ್ಲಿ. ಶಿವಮೊಗ್ಗದಿಂದ ಬಂದೆ, ಬೆಳಗ್ಗೆಯಿಂದ ಕಾಯ್ತಿದ್ದೀನಿ, ಎರಡು ಗಂಟೆಯಿಂದ ಕಾಯ್ತಿದ್ದೀನಿ: ನಮಗೆ ಎಲ್ಲದಕ್ಕೂ ಒಂದೇ. ಅಲ್ಲಿ ಊರಿಗೆ ‘ಫ್ರಮ್’. ಯಾವಾಗ ಶುರುವಾಯಿತು ಎಂದು ಹೇಳಿದರೆ ‘ಸಿನ್ಸ್’. ಎಷ್ಟು ಹೊತ್ತು ಎಂದು ಹೇಳಿದರೆ ‘ಫಾರ್’. ಅಂದರೆ ‘ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಾರ್ನಿಂಗ್’, ಆದರೆ ‘ಫಾರ್ ಟೂ ಅವರ್ಸ್’. ‘ಫ್ರಮ್ ಟೂ ಅವರ್ಸ್’ ಎಂದು ನಮ್ಮಲ್ಲಿ ಡಾಕ್ಟರು, ವಕೀಲರೂ ಹೇಳುತ್ತಾರೆ, ಅದಕ್ಕೆ ನಾಚಿಕೆ ಬೇಡ. ಏನೂ ಹಾಕಬಾರದ ಜಾಗಗಳೂ ಇವೆ. ಮನೆಗೆ ಹೋಗ್ತೀನಿ ಅನ್ನುವಾಗ ಆ ‘ಗೆ’ ನೆನಪಾಗಿ ‘ಗೋ ಟು ಹೋಮ್’ ಅಂದುಬಿಡುತ್ತೇವೆ. ‘ಗೋ ಹೋಮ್’ ಸಾಕು. ತಲುಪು ಅನ್ನುವ ‘ರೀಚ್’ ಶಬ್ದ ಬಂದಮೇಲೂ ‘ಟು’ ಬೇಡ.

ಇನ್ನು ಮರ್ಯಾದೆಯ ಮಾತು. ಇದು ಇನ್, ಆನ್‌ಗಿಂತ ಮುಖ್ಯ ಎಂದು ನನಗೆ ಅನಿಸುತ್ತದೆ. ‘ಒಂದು ಲೋಟ ನೀರು ಕೊಡಿ’ ಅಂದಾಗ ಆ ‘ಡಿ’ಯಲ್ಲೇ ಮರ್ಯಾದೆ ಇದೆ. ‘ಕೊಡು’ ಅನ್ನದೆ ‘ಕೊಡಿ’ ಅಂದಿದ್ದೇವೆ, ಮುಗೀತು. ಇದನ್ನೇ ‘ಗಿವ್ ಮಿ ವಾಟರ್’ ಅಂದರೆ ಆ ‘ಡಿ’ ದಾರಿಯಲ್ಲೇ ಬಿದ್ದುಹೋಗಿರುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅದನ್ನು ಹೊರುವ ಶಕ್ತಿ ಇಲ್ಲ. ಅದಕ್ಕೇ ಅವರು ಮರ್ಯಾದೆಯನ್ನು ವಾಕ್ಯದ ಶುರುವಿನಲ್ಲಿ ಇಡುತ್ತಾರೆ: ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ನಮ್ಮವರು ಒರಟು ಎಂದು ಅಲ್ಲಿ ಕೆಲವರಿಗೆ ಅನಿಸುವುದು ಇದರಿಂದಲೇ. ಮನಸ್ಸಿನಲ್ಲಿ ಕೊಡಿ ಇದೆ, ಬಾಯಲ್ಲಿ ಕೊಡು ಬಂದಿದೆ. ‘ಕುಡ್ ಐ’ ಮತ್ತು ‘ಕುಡ್ ಯು’ ಎರಡನ್ನು ಗಟ್ಟಿ ಮಾಡಿಕೊಳ್ಳಿ. ಏನು ಕೇಳುವುದಿದ್ದರೂ ಈ ಎರಡರಲ್ಲಿ ಒಂದರಿಂದ ಶುರು ಮಾಡಿ. ಮುಂದಿನದು ಒಡೆದು ಹೋದರೂ ಪರವಾಗಿಲ್ಲ.

ಈಗ ನಿಮ್ಮ ಪ್ರಯಾಣಕ್ಕೆ ಬರೋಣ. ಬೆಂಗಳೂರಿನಲ್ಲಿ ಸೂಟ್‌ಕೇಸು ಒಪ್ಪಿಸುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಇಸ್ ಮೈ ಬ್ಯಾಗ್ ಚೆಕ್ಡ್ ಥ್ರೂ ಟು ಮ್ಯಾಂಚೆಸ್ಟರ್?’ ಆ ‘ಥ್ರೂ’ ಬಹಳ ಬೆಲೆಯುಳ್ಳದ್ದು. ಬ್ಯಾಗು ದುಬೈಯಲ್ಲಿ ನಿಮ್ಮ ಕೈಗೆ ಬರದೆ ಹಾಗೇ ಕೊನೆಯವರೆಗೆ ಹೋಗುತ್ತದೆಯೇ ಎಂದು ಅರ್ಥ. ಹೌದು ಅಂದರೆ ದುಬೈಯಲ್ಲಿ ಬ್ಯಾಗಿನ ಚಿಂತೆ ಇಲ್ಲ. ಅಲ್ಲೇ ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಕೇಳಿ. ಬೆಂಗಳೂರಲ್ಲಿ ಸುಮ್ನೆ ಇಂಗ್ಲಿಷ್ ಯಾಕೆ?

ದುಬೈಯಲ್ಲಿ ಸಮವಸ್ತ್ರ ಹಾಕಿದವರಿಗೆ ಬೋರ್ಡಿಂಗ್ ಪಾಸ್ ತೋರಿಸಿ ‘ಎಕ್ಸ್‌ಕ್ಯೂಸ್ ಮಿ, ವೇರ್ ಡು ಐ ಗೋ ಫಾರ್ ದಿಸ್ ಫ್ಲೈಟ್?’ ಅನ್ನಿ. ಕೇಳುವುದು ಸುಲಭ, ಉತ್ತರ ಹಿಡಿಯುವುದು ಕಷ್ಟ. ಉತ್ತರದಲ್ಲಿ ಬರುವುದು ಹೆಚ್ಚಾಗಿ ಇವು: ‘ಅಪ್ ದ ಎಸ್ಕಲೇಟರ್’, ತಾನೇ ಚಲಿಸುವ ಮೆಟ್ಟಿಲು ಹತ್ತಿ. ‘ಥ್ರೂ ಸೆಕ್ಯುರಿಟಿ’, ತಪಾಸಣೆ ಮುಗಿಸಿ ಆ ಕಡೆಗೆ. ‘ಪಾಸ್ಟ್ ದ ಶಾಪ್ಸ್’, ಅಂಗಡಿಗಳನ್ನು ದಾಟಿಕೊಂಡು ಮುಂದೆ. ಅಂಗಡಿ ಒಳಗೆ ಹೋಗಬೇಕಿಲ್ಲ, ಪಕ್ಕದಲ್ಲಿ ಹಾದುಹೋಗಬೇಕು. ‘ಆನ್ ಯುವರ್ ಲೆಫ್ಟ್’, ನಿಮ್ಮ ಎಡಕ್ಕೆ. ಈ ನಾಲ್ಕು ಹಿಡಿದರೆ ದಾರಿ ಸಿಕ್ಕಿತು.

ಹಿಡಿಯಲಾಗದಿದ್ದರೆ? ‘ವಾಟ್?’ ಅನ್ನಬೇಡಿ. ನಾವು ‘ಆಂ?’ ಅಂದ ಹಾಗೆ ಅವರು ‘ಸಾರಿ?’ ಅನ್ನುತ್ತಾರೆ, ದನಿ ಕೊನೆಗೆ ಮೇಲೆ ಹೋಗಬೇಕು. ಆಮೇಲೆ ‘ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?’ ಅದೂ ಆಗಲಿಲ್ಲವೇ, ಒಂದು ಪುಟ್ಟ ನೋಟ್‌ಬುಕ್ಕು, ಪೆನ್ನು ಮುಂದೆ ಹಿಡಿದು ‘ಕುಡ್ ಯು ರೈಟ್ ಇಟ್ ಡೌನ್, ಪ್ಲೀಸ್?’ ನನ್ನನ್ನು ಕೇಳಿದರೆ ಇಡೀ ಪ್ರಯಾಣದಲ್ಲಿ ಇದಕ್ಕಿಂತ ಉಪಯೋಗದ ವಾಕ್ಯ ಇಲ್ಲ. ಇಂಗ್ಲಿಷಿಗೆ ಹೆದರಿ, ಕಾಲು ಗಟ್ಟಿ ಇದ್ದರೂ ವೀಲ್‌ಚೇರ್ ಬುಕ್ ಮಾಡಿಸುವ ಅಮ್ಮಂದಿರನ್ನು ಬಹಳ ನೋಡಿದ್ದೇನೆ. ನಿಜಕ್ಕೂ ನಡೆಯಲಾಗದವರು ಕುರ್ಚಿಗೆ ಕಾಯುತ್ತಾ ಕೂತಿರುತ್ತಾರೆ. ನೋಟ್‌ಬುಕ್ಕು ಇದ್ದರೆ ನಿಮಗೆ ಅದು ಬೇಡ.

ವಿಮಾನದ ಊಟದ ವಿಷಯ. ‘ಪ್ಯೂರ್ ವೆಜ್’ ನಮ್ಮ ದೇಶದ ಮಾತು, ಹೊರಗೆ ಅರ್ಥವಾಗುವುದಿಲ್ಲ. ‘ಐ ಡೋಂಟ್ ಈಟ್ ಮೀಟ್, ಫಿಶ್ ಆರ್ ಎಗ್ಸ್’ ಅನ್ನಿ. ಅನುಮಾನ ಬಂದರೆ ‘ಇಸ್ ದೇರ್ ಎನಿ ಮೀಟ್ ಇನ್ ಇಟ್?’ ಟಿಕೆಟ್ ಮಾಡುವಾಗಲೇ ಮಗಳಿಗೆ ಹೇಳಿ ‘ಏಷ್ಯನ್ ವೆಜಿಟೇರಿಯನ್’ ಊಟ ಹಾಕಿಸಿ. ‘ಹಿಂದೂ ಮೀಲ್’ ಎಂದು ಇನ್ನೊಂದು ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ, ಅದರಲ್ಲಿ ಕುರಿ ಅಥವಾ ಕೋಳಿ ಇರಬಹುದು. ಹೊಟ್ಟೆ ತೊಳಸಿದರೆ, ಆಗುಂಬೆ ಘಾಟಿಯ 14 ತಿರುವಿನಲ್ಲಿ ಆಗುತ್ತದಲ್ಲ ಆ ಥರ, ‘ಐ ಫೀಲ್ ಸಿಕ್’ ಅನ್ನಿ. ಇಂಗ್ಲಿಷರಿಗೆ ಅದು ಜ್ವರ ಅಲ್ಲ, ವಾಂತಿ ಬರುವ ಹಾಗಿದೆ ಎಂದೇ ತಿಳಿಯುತ್ತದೆ. ಚೀಲ ತಂದುಕೊಡುತ್ತಾರೆ.

ಮ್ಯಾಂಚೆಸ್ಟರ್‌ನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ. ಯಂತ್ರದ ಗೇಟು ಭಾರತದ ಪಾಸ್‌ಪೋರ್ಟಿಗೆ ಇಲ್ಲ. ಅಧಿಕಾರಿಯ ಮುಂದೆ ನಿಲ್ಲಬೇಕು, ಎರಡು ಮೂರು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಒಂದು ಶಬ್ದದ ಬಗ್ಗೆ ಎಚ್ಚರ ಬೇಕು. ಯಾಕೆ ಬಂದಿರಿ ಅಂದಾಗ ನಮ್ಮ ತಲೆಯಲ್ಲಿ ಬಾಣಂತನದ ಕೆಲಸ ಎಂದು ಓಡುತ್ತದೆ, ಬಾಯಲ್ಲಿ ‘ಫಾರ್ ವರ್ಕ್’ ಬಂದುಬಿಡುತ್ತದೆ. ವಿಸಿಟರ್ ವೀಸಾದಲ್ಲಿ ಹೋದವರು ಕೆಲಸ ಮಾಡುವ ಹಾಗಿಲ್ಲ. ‘ವರ್ಕ್’ ಅಂದರೆ ಅವರಿಗೆ ಸಂಬಳದ ಕೆಲಸ ಎಂದೇ ಕೇಳಿಸುತ್ತದೆ. ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಆ ಲೆಕ್ಕದ ಕೆಲಸ ಅಲ್ಲ, ತಾಯಿ ಮಗಳ ಸಂಬಂಧ. ಅದನ್ನೇ ಹೇಳಿ: ‘ಐ ಹ್ಯಾವ್ ಕಮ್ ಟು ಸೀ ಮೈ ಡಾಟರ್. ಶೀ ಇಸ್ ಹ್ಯಾವಿಂಗ್ ಎ ಬೇಬಿ.’ ಎಷ್ಟು ದಿನ ಇರುತ್ತೀರಿ? ‘ಫಾರ್ ತ್ರೀ ಮಂತ್ಸ್’ ಅಥವಾ ‘ಟಿಲ್ ದ ಟೆಂತ್ ಆಫ್ ಮಾರ್ಚ್’, ನಿಮ್ಮ ವಾಪಸ್ ಟಿಕೆಟ್ಟಿನಲ್ಲಿ ಇರುವ ತಾರೀಕು. ಎಲ್ಲಿ ಇರುತ್ತೀರಿ? ‘ವಿದ್ ಮೈ ಡಾಟರ್’, ಜೊತೆಗೆ ಮಗಳ ವಿಳಾಸದ ಚೀಟಿ. ಬೀದಿಯ ಹೆಸರಿಗೆ ಅಲ್ಲಿ ‘ಇನ್’ ಅನ್ನುತ್ತಾರೆ, ಅಮೆರಿಕದಲ್ಲಿ ‘ಆನ್’. ಮನೆ ನಂಬರ್ ಸೇರಿದರೆ ಎರಡೂ ಕಡೆ ‘ಅಟ್’. ಚೀಟಿ ತೋರಿಸಿದರೆ ಯಾವುದೂ ಬೇಡ.

ಇಂಗ್ಲಿಷಿಗೆ ಸಂಬಂಧ ಇಲ್ಲದಿದ್ದರೂ ಒಂದು ಹೇಳಲೇಬೇಕು. ನೀವು ತುಪ್ಪದ ಡಬ್ಬಿ ಕಟ್ಟುತ್ತೀರಿ ಎಂದು ನನಗೆ ಗೊತ್ತು. ಭಾರತದಿಂದ ಹಾಲಿನ ಪದಾರ್ಥವನ್ನು ಬ್ರಿಟನ್ನಿನ ಒಳಗೆ ಬಿಡುವುದಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ. ಅಂಟಿನುಂಡೆಯನ್ನು ಅಲ್ಲೇ ತುಪ್ಪ ಕೊಂಡು ಕಟ್ಟಿಕೊಡಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಗಟ್ಟಿಯಾಗಿ ಮುಚ್ಚಿ ದೊಡ್ಡ ಸೂಟ್‌ಕೇಸಿನಲ್ಲಿ ಇಡಿ, ಕೈಚೀಲದಲ್ಲಿ ಬೇಡ. ಕೇಳಿದರೆ ‘ಇಟ್ಸ್ ಮ್ಯಾಂಗೋ ಪಿಕಲ್. ನೋ ಮೀಟ್, ನೋ ಮಿಲ್ಕ್ ಇನ್ ಇಟ್’.

ಊರು ಸೇರಿದ ಮೇಲೆ ಗಾಬರಿ ಆಗದಿರಲಿ ಎಂದು ಮೂರು ವಿಷಯ. ಅಂಗಡಿಯವರು, ಪಕ್ಕದ ಮನೆಯವರು ‘ಯು ಆಲ್ರೈಟ್?’ ಎಂದು ಕೇಳುತ್ತಾರೆ. ನಿಮ್ಮ ಮುಖ ಬಾಡಿದೆ ಎಂದಲ್ಲ. ನಮ್ಮಲ್ಲಿ ‘ಊಟ ಆಯ್ತಾ?’ ಅಂದ ಹಾಗೆ. ‘ಆಲ್ರೈಟ್, ಥ್ಯಾಂಕ್ಸ್’ ಅಂದು ಮುಂದೆ ನಡೆಯಿರಿ, ಮಂಡಿನೋವಿನ ಕಥೆ ಶುರು ಮಾಡಬೇಡಿ. ಆ ಕಡೆ ಬಸ್ ಡ್ರೈವರೂ ನಿಮ್ಮನ್ನು ‘ಲವ್’ ಎಂದು ಕರೆಯಬಹುದು. ಅದು ನಮ್ಮ ‘ಅಮ್ಮಾ’ ಇದ್ದ ಹಾಗೆ, ಬೇರೆ ಏನೂ ಇಲ್ಲ. ಯಾರಾದರೂ ‘ಟೀ’ಗೆ ಕರೆದರೆ ಮನೆಯಲ್ಲಿ ಹೊಟ್ಟೆ ತುಂಬ ತಿಂದು ಹೋಗಬೇಡಿ. ಉತ್ತರ ಇಂಗ್ಲೆಂಡಿನ ಬಹಳ ಮನೆಗಳಲ್ಲಿ ‘ಟೀ’ ಅಂದರೆ ಸಂಜೆಯ ಊಟ.

ಗಡಿಯಾರದ ಮಾತೂ ಒಂದಿದೆ. ‘ಟೆನ್ ಟು ಫೈವ್’ ನಿಮಗೆ ಸುಲಭ, ಐದಕ್ಕೆ ಹತ್ತು ನಿಮಿಷ. ನಮ್ಮ ‘ಕ್ಕೆ’, ಅವರ ‘ಟು’ ಇಲ್ಲಿ ಅಣ್ಣತಮ್ಮಂದಿರ ಹಾಗೆ ಕೂತಿವೆ. ಆದರೆ ‘ಹಾಫ್ ಫೋರ್’ ಅಂದರೆ ಮೂರೂವರೆ ಅಲ್ಲ, ನಾಲ್ಕೂವರೆ. ‘ಹಾಫ್ ಪಾಸ್ಟ್ ಫೋರ್’ನಲ್ಲಿ ‘ಪಾಸ್ಟ್’ ನುಂಗಿಬಿಟ್ಟಿರುತ್ತಾರೆ. ಮಗುವಿನ ಚುಚ್ಚುಮದ್ದಿಗೆ ಹೊತ್ತು ಕೊಡುವಾಗ ನರ್ಸಮ್ಮ ಹಾಗೆ ಹೇಳಿದರೆ ‘ಫೋರ್ ಥರ್ಟಿ?’ ಎಂದು ತಿರುಗಿ ಕೇಳಿಕೊಳ್ಳಿ. ಇಲ್ಲವಾದರೆ ಆ ಚಳಿಯಲ್ಲಿ ಕೂಸು ಎತ್ತಿಕೊಂಡು ಒಂದು ಗಂಟೆ ಮೊದಲೇ ಹೋಗಿ ಕೂರಬೇಕಾಗುತ್ತದೆ.